ಹೆಪ್ಪು

ಉಚ್ಚೆ ಕಟ್ಟಿದೆ ಅನ್ನುತ್ತೇವೆ ನಾವು.
ಬೀದರಿನಲ್ಲಿ ಕಲಿತಾಗ ಎಮ್ಮೆಗೂ ಅದೇ ಮಾತು,
ಇಲ್ಲಿ ವೈಯಾಲದಲ್ಲಿ, ರಾತ್ರಿ ಹನ್ನೊಂದೂವರೆಗೆ,
ಸ್ಟೀಲಿನ ಮೇಜಿನ ಮೇಲೆ ಮಲಗಿದ
ಈ ಕಂದು ಬೆಕ್ಕಿಗೂ ಅದೇ.

ಹೆಸರು ಸ್ಮೋಕೊ.
ಉಕ್ಕಿನ ಕಾರ್ಖಾನೆಯವರು ಚಹಾದ ವಿರಾಮಕ್ಕೆ ಹಾಗನ್ನುತ್ತಾರೆ.
ಸರಿಯಾಗಿ ಆ ಹೊತ್ತಿಗೇ ಬೇಲಿ ನುಸುಳಿ ಬಂದು
ಟ್ಯೂನಾ ಕದಿಯುತ್ತಿದ್ದನಂತೆ.

ಸೋಮವಾರ ಯಾವುದೋ ಗಾಡಿ ರಿವರ್ಸ್ ಬರುವಾಗ ತಾಗಿದೆ.
ಒಳಗೆ ಸೋರಿದ ರಕ್ತ ಈಗ
ನಿಂಬೆಹಣ್ಣಿನಷ್ಟು ಚೀಲದಲ್ಲಿ
ನೇರಳೆ ಹಣ್ಣಿನಷ್ಟು ಗಡ್ಡೆ.
ಸ್ಕ್ಯಾನಿನ ಪರದೆಯಲ್ಲಿ ಅದು
ತೊಳೆಯದ ಉಣ್ಣೆಯ ಹಾಗೆ ಅತ್ತಿತ್ತ ಹೊರಳುತ್ತದೆ,
ಬಾಗಿಲಿಗೆ ಬಂದು ಕೂರುತ್ತದೆ.

ಸಪೂರ ಕೊಳವೆ ತೂರಿಸಿ
ಉಪ್ಪುನೀರು ಬಿಟ್ಟೆ, ಎಳೆದೆ.
ಬಿಟ್ಟೆ, ಎಳೆದೆ.
ಓಕುಳಿಯಂಥ ನೀರು ನಾಲ್ಕು ಹನಿ. ಅಷ್ಟೇ.

ಹೊಟ್ಟೆ ಕೊಯ್ಯಬೇಕು. ಅಥವಾ
ಫ್ರೀಜರಿನಲ್ಲಿ, ಬ್ರಾನ್ವೆನ್ ಸಿಸ್ಟರ್ ತಾರೀಖು ಬರೆದಿಟ್ಟ
ಪುಟ್ಟ ಸಿರಿಂಜುಗಳಲ್ಲಿ, ಒಂದು ಮದ್ದಿದೆ.
ಮನುಷ್ಯರ ಮಿದುಳಿಗೆಂದು ಮಾಡಿದ್ದು.
ಬೆಕ್ಕಿಗೆ ಎಷ್ಟು ಎಂದು ಕೇಳಿದರೆ
ಪುಸ್ತಕಗಳು ಪಿಸುಗುಡುತ್ತವೆ,
ಗಟ್ಟಿಯಾಗಿ ಯಾವುದೂ ಹೇಳುವುದಿಲ್ಲ.

ಕೆಲ್ವಿನ್ ಟ್ರೆಂಬಾತ್‌ಗೆ ಮದ್ದಿನ ಹೆಸರು ಹೇಳಿದೆ.
ಮೂವತ್ತು ವರ್ಷ ಕ್ರೇನು ನಡೆಸಿದವ.
ಬಲಗೈಯಿಂದ ತನ್ನ ಎಡಗೈ ಎತ್ತಿ
ಕೆಲಸ ಮುಗಿದ ಸ್ಪ್ಯಾನರಿನಂತೆ ಕೌಂಟರಿನ ಮೇಲಿಟ್ಟ.
'ಇದನ್ನ ನನಗೂ ಕೊಟ್ಟಿದ್ರು.
ಮಾತು ವಾಪಸು ಬಂತು.
ಇದು ಬರಲಿಲ್ಲ.'

ಆಮೇಲೆ, ಎಷ್ಟಾಗುತ್ತೆ ಎಂದ.
ಕಟ್ಟಿದ್ದು ಬಿಡಿಸಲೂ ಕಟ್ಟಬೇಕಲ್ಲ.
ಕನ್ನಡದಲ್ಲಿ ನನಗೊಬ್ಬರಿಗೇ ಕೇಳಿದ ಈ ಚೇಷ್ಟೆಗೆ
ನಾಚಿಕೊಂಡೇ ಮೊತ್ತ ಹೇಳಿದೆ.
ಒಂದು ಸಲ ಕಣ್ಣು ಮುಚ್ಚಿ, ಕಾರ್ಡು ತೆಗೆದ.

ಹಾಸ್ಟೆಲಿನ ಅಡುಗೆಯ ರಜಾಕ್ ಚಾಚಾ
ರಾತ್ರಿ ಹಾಲಿಗೆ ಹೆಪ್ಪು ಹಾಕಿ ಬೈಯುತ್ತಿದ್ದ:
ಪಾತ್ರೆ ಅಲುಗಿಸಬ್ಯಾಡ್ರಿ,
ಕೂತ ಹಾಲು ಮತ್ತೆ ಏಳಂಗಿಲ್ಲ.
ನಿಜ ಚಾಚಾ, ಮೊಸರು ಹಾಲಾಗುವುದಿಲ್ಲ.
ಗಡ್ಡೆಯೂ ರಕ್ತವಾಗುವುದಿಲ್ಲ.
ಎಳೆ ಬಿಟ್ಟುಕೊಟ್ಟು
ದಾರಿಯಿಂದ ಸರಿದರೆ ಸಾಕು ನನಗೆ.

ಕೊಳವೆಯಲ್ಲಿ ಮದ್ದು ಬಿಟ್ಟು ಬಾಯಿ ಬಿಗಿದೆ.
ಒಂದು ಗಂಟೆ.
ಹತ್ತು ನಿಮಿಷಕ್ಕೊಮ್ಮೆ ಎಡಕ್ಕೆ, ಬಲಕ್ಕೆ,
ಬೆನ್ನಿಗೆ, ಹೊಟ್ಟೆಗೆ ಹೊರಳಿಸುತ್ತ,
ಪ್ರತಿ ಸಲ ತುಟಿ ಎತ್ತಿ ವಸಡಿನ ಬಣ್ಣ ನೋಡುತ್ತ.
ಬಿಡಿಸುವುದನ್ನು ಕಲಿತ ಮದ್ದಿಗೆ
ಎಲ್ಲಿ ನಿಲ್ಲಬೇಕೆಂದು ಯಾರೂ ಕಲಿಸಿಲ್ಲ.
ಸೋಮವಾರದ ಗಾಯ ಮರಳಿ ಬಾಯ್ತೆರೆದರೆ?
ಕಿಟಕಿಯಾಚೆ ಕಾರ್ಖಾನೆಯ ಬೆಂಕಿ
ಏಳುತ್ತಿತ್ತು, ಬೀಳುತ್ತಿತ್ತು.
ಕೆಲ್ವಿನ್ ಕೂತಲ್ಲೇ ಗೊರಕೆ.

ಒಂದು ಗಂಟೆಗೆ ಎಳೆದರೆ ಅರ್ಧ.
ಎರಡನೇ ಸಿರಿಂಜು. ಮತ್ತೆ ಹೊರಳಿಸುವುದು.
ಮೂರಕ್ಕೆ ಹತ್ತು ನಿಮಿಷ ಇರುವಾಗ
ಕಪ್ಪು ಚಹಾದಂಥದ್ದು, ಆಮೇಲೆ ತಿಳಿ ಚಹಾ,
ತನ್ನಷ್ಟಕ್ಕೆ ತಾನೇ ಕೊಳವೆಯಲ್ಲಿ ಹರಿದು
ಚೀಲಕ್ಕೆ ತಟತಟ ಬಿತ್ತು.
ಅಳತೆ ನೋಡಿದೆ. ಮೂವತ್ತೆಂಟು.
ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ,
ಗೆರೆ ಎಳೆಯುವ ರೂಢಿ ನನಗಿಲ್ಲ.

ಶನಿವಾರ ಒಯ್ಯಲು ಬಂದ.
ಪೆಟ್ಟಿಗೆಗೆ ತಳ್ಳುವಾಗ ಸ್ಮೋಕೊ
ಆ ಎಡಗೈಯನ್ನೇ ಕಚ್ಚಿದ.
ಕೆಲ್ವಿನ್‌ಗೆ ಗೊತ್ತೇ ಆಗಲಿಲ್ಲ,
ನಾನು ಹೇಳಿದ ಮೇಲೆ ನೋಡಿಕೊಂಡ:
ಹೆಬ್ಬೆರಳ ಬುಡದಲ್ಲಿ ಒಂದು ಕೆಂಪು ಮಣಿ.

ರಕ್ತ ತೆಳುವಾಗುವ ಗುಳಿಗೆ ನುಂಗುವವನಿಗೆ
ತಡವಾಗುತ್ತದೆ.
ಸೋಪು ಹಚ್ಚಿ ತೊಳೆದು, ಹತ್ತಿ ಒತ್ತಿ ಹಿಡಿದು,
ತೆಗೆದು ನೋಡಿ, ಮತ್ತೆ ಒತ್ತಿ,
ಬಾಗಿಲಲ್ಲೇ ನಿಂತಿದ್ದೆವು ಇಬ್ಬರೂ
ಅದು ಹೆಪ್ಪುಗಟ್ಟಲಿ ಎಂದು ಕಾಯುತ್ತ.